ಹಗ್ಗ ಬಿಚ್ಚದ ಸೊಲಾಂಜ್

ಮೂರನೇ ಸಿಡಿಮದ್ದಿನ ಸದ್ದು ಕಣಿವೆಯ ಆಚೆ ಬದಿಗೆ ಬಡಿದು ವಾಪಸು ಬರುತ್ತದೆ. ಗ್ರಾಂದ್ ಕೊಂಬ್ ಇಳಿಜಾರಿನ ಮೇಲೆ ಕಪ್ಪು ಹೊಗೆಯೆದ್ದು ಗಾಳಿಗೆ ಚದುರುತ್ತದೆ. ಅಷ್ಟೇ. ಹಿಮ ಕದಲುವುದಿಲ್ಲ. ಬೆಟ್ಟದ ಏಣಿನ ಮರೆಯಲ್ಲಿ ಬೋರಲು ಮಲಗಿದ್ದ ಸೊಲಾಂಜ್ ರುಫಿಯೇ ತಲೆಯೆತ್ತಿ ನೋಡುತ್ತಾರೆ, ಕೈಗವಸಿನಿಂದ ಮೂಗು ಒರೆಸಿಕೊಂಡು ಮತ್ತೆ ನೋಡುತ್ತಾರೆ. ಪೂರ್ವದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ.

"ಬರ್ಲಿಲ್ಲ," ಎನ್ನುತ್ತಾನೆ ಜೊತೆಗಾರ ಕ್ಲೋವಿಸ್. ಸಡಿಲ ಹಿಮವನ್ನು ಜನ ಬರುವ ಮೊದಲೇ ಬೀಳಿಸುವ ಈ ಮದ್ದು ಎಸೆಯಲು ಒಬ್ಬರೇ ಹೋಗುವಂತಿಲ್ಲ, ಇವನು ಇವರ ಜೋಡಿ.

"ಬರ್ಲಿಲ್ಲ ಅಂದ್ರೆ ಇನ್ನೂ ಅಲ್ಲೇ ಇದೆ ಅಂತ."

"ಮೂರು ಹಾಕಿದ್ವಲ್ಲ. ಗಟ್ಟಿಯಾಗಿ ಕೂತಿದೆ ಅನ್ಸುತ್ತೆ."

"ನಿಂಗೆ ಅನ್ಸಿದ್ದನ್ನ ಕೆಳಗೆ ಹೋಗಿ ಯಾರ ಹತ್ರಾನೂ ಹೇಳ್ಬೇಡ ಮಾರಾಯ. ಹಗ್ಗ ತಗೋ, ಕಟ್ಟೋಣ."

ಕ್ಲೋವಿಸ್ ಗೊಣಗುತ್ತ ಹಗ್ಗದ ಸುರುಳಿ ಬಿಚ್ಚುತ್ತಾನೆ. ಅವನ ಸಂಕಟ, ಕೆಲಸ ನೋಡಲೆಂದು ಇವರ ಜೊತೆ ಹತ್ತಿ ಬಂದ ನನಗೂ ಅರ್ಥವಾಗುತ್ತದೆ. ಇವತ್ತು ನಮ್ಮ ಬೊನ್‌ಕೊಂಬ್ ಊರಿನ ಕೇರಿ ಪಂದ್ಯ. ಮೇಲ್ಕೇರಿಯವರೂ ಕೆಳಕೇರಿಯವರೂ ಗ್ರಾಂದ್ ಕೊಂಬ್ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಇಳಿಯುತ್ತಾರೆ. ಅಜ್ಜಿಯಿಂದ ಹಿಡಿದು ಮೊನ್ನೆ ಮೊನ್ನೆ ನಡೆಯಲು ಕಲಿತ ಕೂಸಿನವರೆಗೆ ಎಲ್ಲರೂ. ಸೋತ ಕೇರಿ ಗೆದ್ದ ಕೇರಿಗೆ ಅಡುಗೆ ಮಾಡಿ ಬಡಿಸಬೇಕು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದವರು ಕೂಡ ಆ ದಿನ ಒಂದೇ ಹಂಡೆಯ ಊಟ ಉಣ್ಣುತ್ತಾರೆ. ಅಂಥ ಪಂದ್ಯದ ದಾರಿಗೆ ಅಡ್ಡವಾಗಿ ಈ ಹೆಂಗಸು ಹಗ್ಗ ಕಟ್ಟುತ್ತಿದ್ದಾರೆ.

ಯಾಕೆ ಎಂದು ನಾನು ಕೇಳುತ್ತೇನೆ. ಸೊಲಾಂಜ್ ನನ್ನನ್ನು ಹಗ್ಗದ ಈಚೆಗೆ, ನಿನ್ನೆ ಇಳಿಜಾರಿಗೆ ಬಡಿದ ಗಾಳಿಯೇ ಬಡಿದ ಒಂದು ಚಿಕ್ಕ ದಿಣ್ಣೆಯ ಪಕ್ಕ ಕರೆದುಕೊಂಡು ಹೋಗುತ್ತಾರೆ. ಸಲಿಕೆ ಹಿಡಿದು ಎದೆಮಟ್ಟದ ಗುಂಡಿ ತೋಡುತ್ತಾರೆ. ಗುಂಡಿಯ ಗೋಡೆಯಲ್ಲಿ ಹಿಮದ ಒಂದು ಕಂಬವನ್ನು ಗರಗಸದಿಂದ ಕೊಯ್ದು ಬಿಡಿಸಿ, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು ಬೆರಳ ತುದಿಯಿಂದ ತಟ್ಟುತ್ತಾರೆ. ಮೇಲಿನ ಗಟ್ಟಿ ಪದರ ಇಡಿಯಾಗಿ ಜಾರಿ ನನ್ನ ಕಾಲಮೇಲೆ ಬೀಳುತ್ತದೆ. ಅದರಡಿ ಉಳಿದದ್ದನ್ನು ಒಂದು ಮುಷ್ಟಿ ಬಾಚಿ ನನ್ನ ಅಂಗೈಗೆ ಸುರಿಯುತ್ತಾರೆ. ದಪ್ಪ ರವೆಯಂಥ ಕಾಳು. ಎಷ್ಟು ಹಿಸುಕಿದರೂ ಉಂಡೆಯಾಗುವುದಿಲ್ಲ.

"ಜನವರಿ ಚಳಿ ಮಾಡಿದ ಕೆಲ್ಸ ಇದು. ಇದರ ಮೇಲೆ ನಿನ್ನೆಯ ಗಾಳಿ ಗಟ್ಟಿ ಹಿಮದ ಒಂದು ಹಲಗೆ ತಂದು ಹಾಸಿದೆ. ಮದ್ದು ಬಿದ್ದ ಕಡೆ ಹಲಗೆ ದಪ್ಪ ಇತ್ತು, ತಡ್ಕೊಂಡಿತು. ಪಕ್ಕದಲ್ಲೇ ಎಲ್ಲೋ ತೆಳ್ಳಗಿರುತ್ತೆ. ಎಲ್ಲಿ ಅಂತ ನಂಗೂ ಗೊತ್ತಿಲ್ಲ. ಅಲ್ಲಿ ಒಬ್ಬಳು ಅಜ್ಜಿ ಸ್ಕೀ ತಿರುಗಿಸಿದ್ರೆ ಸಾಕು, ಇಡೀ ಇಳಿಜಾರು ಜಾರಿ ಬರುತ್ತೆ," ಎನ್ನುತ್ತಾರೆ ಸೊಲಾಂಜ್.

ಹೊರಗಿನವರಿಗೆ ಇದು ಹೇಳಿದರೆ ತಿಳಿಯುತ್ತದೆ. ಪ್ಯಾರಿಸ್ಸಿನಿಂದ ರಜೆಗೆ ಬಂದವರು ಹಗ್ಗ ಕಂಡರೆ ಹೆದರಿ ಹಿಂದಿರುಗುತ್ತಾರೆ. ತಿಳಿಯದಿರುವುದು ನಮ್ಮೂರಿನವರಿಗೆ. ತೊಟ್ಟಿಲಲ್ಲೇ ಸಿಡಿಮದ್ದಿನ ಸದ್ದು ಕೇಳಿ ಬೆಳೆದವರು ನಾವು. ಸದ್ದಾಗಿ ಹಿಮ ಬಿದ್ದರೆ ದಾರಿ ಸಾಫಾಯಿತು, ಬೀಳದಿದ್ದರೆ ಗಟ್ಟಿಯಾಗಿದೆ, ಎರಡರಲ್ಲೂ ಹೋಗಬಹುದು! ಇದು ನಮ್ಮ ಲೆಕ್ಕ. ಈ ಲೆಕ್ಕದಲ್ಲಿ ಹೋಗಬಾರದು ಎನ್ನುವುದಕ್ಕೆ ಜಾಗವೇ ಇಲ್ಲ ಎಂದು ಯಾರಿಗೂ ಹೊಳೆದಿಲ್ಲ.

ಸೊಲಾಂಜ್ ಹುಟ್ಟಿದ್ದು ಕೆಳಕೇರಿಯಲ್ಲಿ, ಚೀಸ್ ಮಾಡುವವರ ಮನೆಯಲ್ಲಿ. ಬೇಸಿಗೆಯಲ್ಲಿ ಈಗಲೂ ಹಸುಗಳ ಹಿಂದೆ ಬೆಟ್ಟದ ಹುಲ್ಲುಗಾವಲಿಗೆ ಹೋಗುತ್ತಾರೆ. ಚಳಿಗಾಲ ಪೂರ್ತಿ ಇಳಿಜಾರುಗಳ ಕಾವಲು. ಬೆಳಗ್ಗೆ ಊರು ಏಳುವ ಮುನ್ನ ಮದ್ದು, ಆಮೇಲೆ ಗುರುತಿನ ಕಂಬಗಳನ್ನು ನೆಡುವುದು, ಕೇಬಲ್ ಕಂಬಗಳಿಗೆ ಮೆತ್ತೆ ಸುತ್ತುವುದು, ಕಾಲು ಮುರಿದುಕೊಂಡವರನ್ನು ಜಾರುಬಂಡಿಯಲ್ಲಿ ಮಲಗಿಸಿ ಇಳಿಸುವುದು. ಸಂಜೆ ಎಲ್ಲರೂ ಹೋದ ಮೇಲೆ ಕೊನೆಯವರಾಗಿ ಇಳಿಯುತ್ತಾರೆ. ಪ್ರತಿ ತಿರುವಿನಲ್ಲೂ ನಿಂತು ಒಮ್ಮೆ ಕೂಗುತ್ತಾರೆ, ಕಿವಿಗೊಟ್ಟು ಕಾಯುತ್ತಾರೆ. ಯಾರೂ ಓಗೊಡದಿದ್ದರೆ ಮುಂದಿನ ತಿರುವು. ಈ ಊರಿನಲ್ಲಿ ಎಷ್ಟೋ ಜನ ಇವರ ಆ ಕೂಗು ಕೇಳಿ ಒಲೆಯ ಮೇಲೆ ಸೂಪಿಗಿಡುತ್ತಾರೆ. ಅವರಲ್ಲಿ ಒಬ್ಬರಾದರೂ ಇವರನ್ನು ನಿಲ್ಲಿಸಿ ಒಂದು ಬಟ್ಟಲು ಕೊಟ್ಟದ್ದನ್ನು ನಾನು ಕಂಡಿಲ್ಲ.

ಇವರು ಕೆಲಸಕ್ಕೆ ಸೇರಿದಾಗ ಕಾವಲುಪಡೆಯ ಯಜಮಾನ ಅಲ್ಸಿದ್ ರುಫಿಯೇ. ಮೇಲ್ಕೇರಿಯ ಹುರಿಮೀಸೆ. "ಜಾರುಬಂಡಿ ಹಿಡಿಯೋಕೆ ಹೆಂಗಸರ ಕೈಲಾಗಲ್ಲ" ಎಂದು ಮೊದಲ ಚಳಿಗಾಲವಿಡೀ ಇವರಿಗೆ ಬರೀ ಕಂಬ ನೆಡಿಸಿದ ಮನುಷ್ಯ. ಒಂದು ಬೆಳಗ್ಗೆ ಇದೇ ಗ್ರಾಂದ್ ಕೊಂಬ್‌ನಲ್ಲಿ ಮದ್ದು ಸಿಡಿಸಿ, ಹಿಮ ಬೀಳದ್ದು ಕಂಡು, ಗಟ್ಟಿಯಾಗಿದೆ ಎಂದು ತೋರಿಸಲು ಇಳಿಜಾರಿನ ಮೇಲೆ ನಿಂತು ಕಾಲು ಕುಟ್ಟಿದರು. ಮರುಗಳಿಗೆ ಅವರೂ ಇಲ್ಲ, ಇಳಿಜಾರೂ ಇಲ್ಲ. ಹಿಮದಡಿ ಸಿಕ್ಕವರನ್ನು ಹುಡುಕಲೆಂದು ಕಾವಲಿನವರು ಎದೆಗೆ ಕಟ್ಟಿಕೊಳ್ಳುವ ಯಂತ್ರದ ಬೀಪ್ ಸದ್ದು ಹಿಡಿದು ಹೋಗಿ ಅಗೆದು ತೆಗೆದವರು ಸೊಲಾಂಜ್.

"ಮುಖ ನೀಲಿಯಾಗಿತ್ತು. ಬಾಯೊಳಗಿನ ಹಿಮ ತೆಗೆದೆ. ಕೆಮ್ಮಿದ್ರು. ಕಣ್ಣು ಬಿಟ್ಟ ಮೇಲೆ ಮೊದಲು ಹೇಳಿದ್ದೇನು ಗೊತ್ತಾ? ಸಲಿಕೆ ಹಿಡಿಯೋದು ಹಂಗಲ್ಲ ಅಂತ," ಎಂದು ಸೊಲಾಂಜ್ ನಗುತ್ತಾರೆ. "ಆಮೇಲೆ ಜಾರುಬಂಡಿನೂ ಕೊಟ್ರು, ಮಗನ್ನೂ ಕೊಟ್ರು."

ಹೀಗೆ ಕೆಳಕೇರಿಯ ಹುಡುಗಿ ಮೇಲ್ಕೇರಿಯ ಸೊಸೆಯಾದದ್ದು. ಈಗ ಯಜಮಾನಿಕೆಯೂ ಇವರದ್ದೇ. ಇಳಿಜಾರು ತೆರೆಯಲು ಮೇಯರ್ ಸಹಿ ಹಾಕಬೇಕು, ಆದರೆ ಇವರು ಹೂಂ ಎನ್ನದೆ ಅವರು ಪೆನ್ನು ಮುಟ್ಟುವುದಿಲ್ಲ.

ನಾವು ಕೇಬಲ್ ತೊಟ್ಟಿಲಲ್ಲಿ ಕೆಳಗಿಳಿದಾಗ ಊರೆಲ್ಲ ನಿಲ್ದಾಣದ ಮುಂದೆ ನೆರೆದಿದೆ. ಎದೆಯ ಮೇಲೆ ಬಟ್ಟೆಯ ಅಂಕಿ, ಕೆನ್ನೆಗೆ ಕೇರಿಯ ಬಣ್ಣ. ಮೇಲ್ಕೇರಿಯ ಮುಂದಾಳು, ಬೇಕರಿಯ ಲೂಸಿಯೆನ್ ಮುನ್ನುಗ್ಗಿ ಬರುತ್ತಾನೆ.

"ಮೂರು ಸದ್ದು ನಾನೇ ಕೇಳಿದೀನಿ. ಏನಾದ್ರೂ ಬಿತ್ತಾ?"

"ಇಲ್ಲ."

"ಮತ್ತೆ? ಹಗ್ಗ ಯಾಕೆ?"

"ಬಿದ್ದಿಲ್ಲ, ಅದಕ್ಕೇ. ಪಂದ್ಯ ಇವತ್ತಿಲ್ಲ ಲೂಸಿಯೆನ್."

"ಹೋದ ಸಲ ಗೆದ್ದೋರು ಕೆಳಕೇರಿಯವರು. ಪಂದ್ಯ ನಡೀದಿದ್ರೆ ಗೆಲುವು ಅವರ ಹತ್ರಾನೇ ಉಳಿಯುತ್ತೆ. ಎಷ್ಟು ವರ್ಷ ನಮ್ಮನೆ ಅನ್ನ ಉಂಡ್ರೂ ತವರಿನ ಕಡೆಗೇ ಎಳೀತೀಯಲ್ಲಮ್ಮ ನೀನು," ಎನ್ನುತ್ತಾನೆ ಲೂಸಿಯೆನ್. ಮೇಲ್ಕೇರಿ ಘೊಳ್ಳೆಂದು ನಗುತ್ತದೆ. ಕೆಳಕೇರಿಯವರೂ ಸುಮ್ಮನಿರುವುದಿಲ್ಲ. "ನಮಗೂ ಅವಳ ಉಪಕಾರ ಬೇಡ, ಬಿಚ್ಚು ಹಗ್ಗಾನ, ಗೆದ್ದು ತೋರಿಸ್ತೀವಿ" ಎಂದು ಅತ್ತ ಕಡೆಯಿಂದ ಕೂಗುತ್ತಾರೆ. ಜಗಳಗಂಟ ಕೇರಿಗಳೆರಡೂ ಒಂದೇ ಮಾತಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಒಬ್ಬ ಹೆಂಗಸನ್ನು ಬೈಯುವುದಕ್ಕೆ.

ಆಗ ಗುಂಪು ಸರಿದು ದಾರಿ ಬಿಡುತ್ತದೆ. ಅಲ್ಸಿದ್ ಬರುತ್ತಿದ್ದಾರೆ. ಮೀಸೆ ಬೆಳ್ಳಗಾಗಿದೆ, ಕೈಯಲ್ಲಿ ಕೋಲಿದೆ, ಹೆಗಲ ಮೇಲೆ ಸ್ಕೀಗಳೂ ಇವೆ. ಆ ಇಳಿಜಾರಿನ ಹೊಟ್ಟೆಯೊಳಗೆ ಹೋಗಿ ಬಂದವರು ಈ ಊರಿನಲ್ಲಿ ಇವರೊಬ್ಬರೇ. ಸೊಸೆಯ ಪರ ಮಾತಾಡುತ್ತಾರೆ ಎಂದೇ ನಾನು ತಿಳಿದಿದ್ದೆ.

"ಈ ಒಂದು ಸಲ ಬಿಡಮ್ಮ," ಎನ್ನುತ್ತಾರೆ ಅಲ್ಸಿದ್. ದನಿ ಇಳಿದಿದೆ. "ಮುಂದಿನ ಚಳಿಗಾಲಕ್ಕೆ ಮಂಡಿ ಇರಲ್ಲ ಅಂದಿದಾರೆ ಡಾಕ್ಟ್ರು. ಕೊನೇ ಸಲ ನಮ್ಮ ಕೇರಿಗೆ ಇಳೀತೀನಿ. ಎಲ್ಲರಿಗಿಂತ ಮೊದಲು ನಾನೊಬ್ನೇ ಇಳಿದು ನೋಡ್ತೀನಿ ಬೇಕಾದ್ರೆ. ಬಿದ್ರೆ ನನ್ನ ಮೇಲೆ ಬೀಳ್ಲಿ."

ಸೊಲಾಂಜ್‌ರ ಮುಖ ಕೆಂಪಾಗುತ್ತದೆ. ಆ ಮುದುಕನ ಆಸೆ ಎಷ್ಟು ದೊಡ್ಡದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾನಾಗಿದ್ದರೆ ಬಿಚ್ಚಿಬಿಡುತ್ತಿದ್ದೆ.

"ಮಾವ, ಒಂದು ಸಲ ನಿಮ್ಮನ್ನ ಅಗೆದು ತೆಗ್ದಿದೀನಿ," ಎನ್ನುತ್ತಾರೆ ಸೊಲಾಂಜ್. "ಈಗ ನಂಗೂ ವಯಸ್ಸಾಯ್ತು, ಸೊಂಟ ನೋವು. ಮನೆಗೆ ನಡೀರಿ."

ಅಲ್ಸಿದ್ ತಿರುಗಿ ಹೋಗುತ್ತಾರೆ. ಹೆಗಲ ಮೇಲಿನ ಸ್ಕೀಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಸೊಲಾಂಜ್ ಹಿಂದೆ ಹೋಗುವುದಿಲ್ಲ. ನಿಲ್ದಾಣದ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಜಾಕೆಟಿನ ಒಳಜೇಬಿಗೆ ಇಳಿಸಿಕೊಳ್ಳುತ್ತಾರೆ.

ಇಷ್ಟರ ಮೇಲೆ ಇನ್ನೊಂದು ತಕರಾರು ಏಳುತ್ತದೆ. ಪಂದ್ಯವಿಲ್ಲ ಎಂದರೆ ಸೋತವರಿಲ್ಲ, ಸೋತವರಿಲ್ಲ ಎಂದರೆ ಅಡುಗೆ ಯಾರು ಮಾಡುವುದು? ತಂದ ಹಿಟ್ಟು, ಸಾಸೇಜು, ಚೀಸ್ ಎಲ್ಲ ಛತ್ರದಲ್ಲಿ ಬಿದ್ದಿವೆ. "ಹಗ್ಗ ಕಟ್ಟಿದೋಳೇ ಮಾಡ್ಲಿ" ಎಂದು ಲೂಸಿಯೆನ್ ತೀರ್ಪು ಕೊಡುತ್ತಾನೆ. ಛೇಡಿಸಲು ಹೇಳಿದ ಮಾತು. ಸೊಲಾಂಜ್ ಆಯ್ತು ಎಂದುಬಿಡುತ್ತಾರೆ.

ಹಿಮ ಕುಸಿದು ಇವರ ಮಾತು ನಿಜವಾಗಲಿ ಎಂದು ಕಾಯುತ್ತಿರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಅದು ಕುಸಿಯಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಮುಂದಿನ ವಾರದ ಕೊನೆಯಲ್ಲಿ ಮತ್ತೆ ಗುಂಡಿ ತೋಡಿ, ಪದರಗಳು ಬೆಸೆದುಕೊಂಡದ್ದನ್ನು ನೋಡಿದ ಮೇಲೆ ಸೊಲಾಂಜ್ ಕೈಯಾರೆ ಹಗ್ಗ ಬಿಚ್ಚಿದರು. ಗ್ರಾಂದ್ ಕೊಂಬ್ ಏನೂ ಅರಿಯದಂತೆ ಬಿಸಿಲಿಗೆ ಹೊಳೆಯುತ್ತಿದೆ. ಈ ಕೆಲಸದ ಹಣೆಬರಹವೇ ಹಾಗೆ. ತಪ್ಪಿದರೆ ಊರಿಗೆಲ್ಲ ಕಾಣುತ್ತದೆ, ಸರಿಯಾದರೆ ಏನೂ ಕಾಣುವುದಿಲ್ಲ. ಅವರು ಅವತ್ತು ಸರಿಯಾಗಿದ್ದರೇ ಎಂದು ಕೇಳಿದರೆ ನನ್ನ ಬಳಿ ಪುರಾವೆಯಿಲ್ಲ, ಅವರ ಬಳಿಯೂ ಇಲ್ಲ.

ಪಂದ್ಯ ನಿಂತ ಅದೇ ಭಾನುವಾರ ಮಧ್ಯಾಹ್ನ ಛತ್ರದಲ್ಲಿ ದೊಡ್ಡ ತಾಮ್ರದ ಹಂಡೆಯ ಮುಂದೆ, ಕಾವಲಿನ ಕೆಂಪು ಜಾಕೆಟಿನಲ್ಲೇ ನಿಂತು ಸೊಲಾಂಜ್ ಪೊಲೆಂಟಾ ತೊಳಸುತ್ತಾರೆ. ಮೆಕ್ಕೆಜೋಳದ ಹಿಟ್ಟು ಗಟ್ಟಿಯಾಗುತ್ತ ಬಂದಂತೆ ಎರಡೂ ಕೈಯಲ್ಲಿ ಕೋಲು ಹಿಡಿದು ಮುದ್ದೆ ತಿರುವಿದ ಹಾಗೆ ತಿರುವಬೇಕು. ಎರಡೂ ಕೇರಿ ತಟ್ಟೆ ಹಿಡಿದು ಸಾಲುಗಟ್ಟಿದೆ. ಒಬ್ಬೊಬ್ಬರದೂ ಒಂದೊಂದು ಕುಟುಕು. ಬಿಸಿಲು ನೋಡು ಹೆಂಗಿದೆ, ಎಂಥಾ ದಿನ ಹಾಳು ಮಾಡಿದೆ ಎಂದು ಒಬ್ಬಳು. ಕೂಸಿಗೆ ಹೊಸ ಸ್ಕೀ ತಂದಿದ್ದೆ ಎಂದು ಇನ್ನೊಬ್ಬ. ಲೂಸಿಯೆನ್ ಎರಡು ಸಲ ಬಡಿಸಿಕೊಂಡು ಎರಡು ಸಲವೂ ಬೈಯುತ್ತಾನೆ. ಸೊಲಾಂಜ್ ಸೌಟು ಎತ್ತಿ ಹಾಕುತ್ತಾರೆ, ತಲೆಯಾಡಿಸುತ್ತಾರೆ, ಮುಂದಿನವರು ಎನ್ನುತ್ತಾರೆ.

ಎಲ್ಲರದೂ ಮುಗಿಯಿತು ಎನ್ನುವಾಗ ಕೋಲೂರಿಕೊಂಡು ಅಲ್ಸಿದ್ ಬರುತ್ತಾರೆ. ತಟ್ಟೆ ಚಾಚುತ್ತಾರೆ. ಸೊಲಾಂಜ್ ಬಡಿಸುತ್ತಾರೆ, ಮೇಲೊಂದು ಸಾಸೇಜು ಹೆಚ್ಚಿಗೆ ಇಡುತ್ತಾರೆ. ಮುದುಕ ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗುತ್ತಾರೆ.

"ಉಪ್ಪಿಲ್ಲ," ಎಂದು ಹೇಳಿ ಹೋಗಿ ಮೂಲೆಯಲ್ಲಿ ಕೂರುತ್ತಾರೆ.

ಸೊಲಾಂಜ್ ಕೋಲು ಕೆಳಗಿಟ್ಟು ಮೊದಲ ಬಾರಿಗೆ ಕೂರುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಬೇಜಾರಾಗಲಿಲ್ಲವೇ ಎಂದು ನಾನು ಕೇಳುತ್ತೇನೆ.

"ಆಗದೆ ಇರುತ್ತಾ? ಮಾವ ತಿರುಗಿ ಹೋದಾಗ ಅಳು ಬಂತು," ಎನ್ನುತ್ತಾರೆ. ಆಮೇಲೆ ಗಲಾಟೆಯಿಂದ ತುಂಬಿದ ಆ ಛತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡುತ್ತಾರೆ. "ಆದ್ರೆ ಬಡಿಸ್ತಾ ಬಡಿಸ್ತಾ ನೋಡ್ಕೊಂಡೆ ಕಣ್ರೀ. ಬೈಯ್ಯೋಕೆ ಪ್ರತಿಯೊಬ್ರೂ ಬಂದಿದ್ರು. ಒಬ್ರೂ ಕಮ್ಮಿ ಇರ್ಲಿಲ್ಲ."