ನಳದ ನೀರು ನೋಡೋ ಜಯತೀರ್ಥ

ಬರ್ಕೊ ಪ್ರಫುಲ್ಲಾ, ತೆಲುಗು ಸೀಮಿ ಸನತ್‌ನಗರದಾಗ ನಮ್ಮ ಕಾಲೊನಿ ನಳದ ನೀರು ತಪಾಸಣಿ ಮಾಡಾಕ ಜಯತೀರ್ಥ ಅಂತ ಒಬ್ಬ ಸರ್ಕಾರಿ ನೌಕರ ಆರು ವರ್ಷ ಬಂದ, ನಮ್ಮ ರಾಯಚೂರ ಕಡೆಯವ, ಭಾಳ ಒಳ್ಳೇವ. ಪ್ರತಿ ಸೋಮವಾರ ಬರಾಂವ, ಸೀಸೆ ಮೂರು ಸಲ ತೊಳ್ಯಾಂವ, ನೀರು ತುಂಬಿ ಬಿಸಿಲಿಗೆ ಹಿಡದು, ಮದುವಿಗೆ ಹುಡುಗಿ ನೋಡಿದಂಗ ಹಿಂದ ಮುಂದ ನೋಡಾಂವ. "ಬಣ್ಣದ ಕಾರ್ಖಾನಿ ಹೊಲಸು ನಳಕ್ಕ ಬರಾಕತ್ತೈತಿ, ಘಾಟು ಹೊಡಿತೈತಿ" ಅಂತ ನಾವು ಅಂದ್ರ, "ಏನೂ ಆಗಂಗಿಲ್ರಿ ಅವ್ವಾರ, ಕಾಸಿ ಕುಡೀರಿ" ಅನ್ನಾಂವ. ತೆಲುಗಿನವರಿಗೆ ತೆಲುಗಿನ್ಯಾಗೂ ಅದ ಮಾತು. "ಇವಂಗ ವಿಷ ಕೊಟ್ಟರೂ ಕಾಸಿ ಕುಡೀತಾನ" ಅಂತ ನಿಮ್ಮಜ್ಜ ನಗತಿದ್ರು. ನನ್ನ ಕೈಯ ಅವಲಕ್ಕಿ ಅಂದ್ರ ಅವಂಗ ಪ್ರಾಣ, ಮ್ಯಾಲ ಒಂದಿಷ್ಟು ಶೇಂಗಾ ಬಿದ್ದಿರಬೇಕು... ಇರ್ಲಿ, ಎಲ್ಲಿದ್ದೆ? ಹಾಂ, ಎಂಬತ್ತೇಳರಾಗ ನೀ ಹೊಟ್ಟ್ಯಾಗ ಇದ್ದಿ, ನಿಮ್ಮವ್ವ ಅವನ ಮುಂದ ತಂಬಿಗಿ ಎತ್ತಿ ನಳದ ನೀರು ಕುಡ್ಯಾಕ ಹೋದ್ಲು. ಕಸಗೊಂಡುಬಿಟ್ಟ. "ಬ್ಯಾಡ ತಂಗಿ, ಕಾಸಿದ್ರೂ ಇದು ಹೋಗಂಗಿಲ್ಲ, ಕೂಸಿಗೆ ಕೆಟ್ಟದ್ದು" ಅಂದ. "ಹಂಗಾರ ಕಾರ್ಖಾನಿ ಹೆಸರು ಹಾಕಿ ಬರದು ಕೊಡು, ಕೋರ್ಟಿಗೆ ಹೋಗ್ತೀವಿ" ಅಂದೆ. "ಬರದೀನ್ರಿ ಅವ್ವಾರ. ಆರು ವರ್ಷದಿಂದ ಪ್ರತಿ ರಿಪೋರ್ಟಿನಾಗ ಹೆಸರು ಹಾಕೀನಿ. ಹೊರಗ ಕೊಡಬ್ಯಾಡ ಅಂದಾರ ಸಾಹೇಬ್ರು, ಎಲ್ಲಾ ಕಪಾಟಿನ್ಯಾಗ ಅದಾವ." "ಅದರ ಕೀಲಿ ಯಾರ ಕಡೆ ಐತಪಾ?" ಅಂದೆ. ಅಂವ ಅಂಗಿ ಗುಂಡಿ ಬಿಚ್ಚಿ, ಜನಿವಾರಕ್ಕ ಕಟ್ಟಿದ್ದ ಕೀಲಿ ತೋರಿಸಿದ.