ಮೂರನೆಯ ವಾರ್ಡಿನ ರಕ್ತದೊತ್ತಡ

ಮನುಷ್ಯನ ಕಿವಿ ಮಂದವಾಗಲು ಶುರುವಾದದ್ದು ಯಾವ ದಿನವೆಂದು ಹೇಳಬಲ್ಲವರು ಯಾರು? ಇದನ್ನು ಬರೆಯುತ್ತಿರುವವರಿಗೂ ಉತ್ತರ ತಿಳಿದಿಲ್ಲ. ತಿಳಿದಿರುವುದಿಷ್ಟೆ: ಆಸ್ಪತ್ರೆಯ ಹಿರಿಯ ನರ್ಸೊಬ್ಬರ ಕಿವಿಯ ಬಗ್ಗೆ ಮೊದಲು ಅನುಮಾನಪಟ್ಟವಳು ಅವರ ಅಣ್ಣನ ಮಗಳು, ಅದೂ ಅವರು ಅಳೆದುಕೊಟ್ಟ ಅಂಕಿಗಳನ್ನು ನೋಡಿ.

ಅವಳು ಅದೇ ಆಸ್ಪತ್ರೆಯಲ್ಲಿ ಸಂಖ್ಯಾಶಾಸ್ತ್ರಜ್ಞೆ. ಯಾವ ಫಲಿತಾಂಶ ಕಂಡರೂ ‘ಆದರೆ’ ಎಂದು ರಾಗ ತೆಗೆಯುವ ಚಾಳಿಯಿಂದಾಗಿ ‘ಆದ್ರೆ ಮೇಡಂ’ ಎಂದೇ ಹೆಸರಾಗಿದ್ದಳು. ತಂದೆಯಿಲ್ಲದ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಈ ಚಿಕ್ಕಪ್ಪ. ಅವರಿಗೆ ತಮ್ಮ ಕಿವಿಯ ಮೇಲೆ ಎಲ್ಲಿಲ್ಲದ ಹೆಮ್ಮೆ. ರೋಗಿಯ ತೋಳಿಗೆ ಪಟ್ಟಿ ಬಿಗಿದು, ಸ್ಟೆತಾಸ್ಕೋಪ್ ಸಿಕ್ಕಿಸಿಕೊಂಡು, “ಮಷೀನು ಸುಳ್ಳು ಹೇಳಬಹುದು ಕಣೇ, ರಕ್ತ ಹೇಳಲ್ಲ. ಕೇಳಿಸ್ಕೊಳ್ಳೋಕೆ ತಾಳ್ಮೆ ಬೇಕು, ಅಷ್ಟೆ,” ಎನ್ನುತ್ತಿದ್ದರು.

ದೊಡ್ಡ ಡಾಕ್ಟರರ ಅಧ್ಯಯನ ಮೇಲ್ನೋಟಕ್ಕೆ ಸರಳ. ಮೂರು ವಾರ್ಡು, ಮೂರು ಬಗೆಯ ಊಟ. ಮೂರನೆಯದರಲ್ಲಿ ಉಪ್ಪು ಅತಿ ಕಡಿಮೆ. ಯಾರು ಯಾವ ವಾರ್ಡಿಗೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ಒಂದೇ ವಾರ್ಡಿನ ರೋಗಿಗಳಲ್ಲೂ ರಕ್ತದೊತ್ತಡ ಒಬ್ಬರಿಂದೊಬ್ಬರಿಗೆ ಏರುಪೇರಾಗುತ್ತದೆ. ವಾರ್ಡುಗಳ ಸರಾಸರಿಗಳ ನಡುವಿನ ಅಂತರ ಆ ಸಹಜ ಏರುಪೇರನ್ನು ಮೀರಿದರಷ್ಟೇ ಅದಕ್ಕೆ ಬೆಲೆ. ಇಲ್ಲಿ ಮೀರಿತ್ತು. ಮೂರನೆಯ ವಾರ್ಡು ಉಳಿದೆರಡಕ್ಕಿಂತ ಎಷ್ಟೋ ಕೆಳಗಿತ್ತು.

“ಏನ್ರೀ ಆದ್ರೆ ಮೇಡಂ, ಈಗಲೂ ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀರೋ?” ಡಾಕ್ಟರರು ನಕ್ಕರು. “ಇನ್ಮೇಲೆ ಎಲ್ಲರಿಗೂ ಇದೇ ಊಟ. ಅರ್ಧ ಜನರ ಮಾತ್ರೆ ನಿಲ್ಲಿಸಿಬಿಡೋಣ.”

ಅವಳಿಗೆ ನಗು ಬರಲಿಲ್ಲ. ಅನುಕೂಲಕ್ಕೆಂದು ವಾರ್ಡಿಗೊಬ್ಬರಂತೆ ಅಳೆಯುವವರನ್ನು ನೇಮಿಸಿದ್ದರು, ಮೂರನೆಯದಕ್ಕೆ ಚಿಕ್ಕಪ್ಪ. ಊಟ ಬದಲಾದಲ್ಲೆಲ್ಲ ಅಳೆಯುವ ಕಿವಿಯೂ ಬದಲಾಗಿತ್ತು. ಅದೂ ಸಾಲದೆಂಬಂತೆ, ಅವರ ವಾರ್ಡಿನಲ್ಲಿ ಒತ್ತಡದ ಮೇಲಿನ ಅಂಕಿ ತಗ್ಗಿದ್ದರೆ ಕೆಳಗಿನದು ಏರಿತ್ತು. ಉಪ್ಪು ಹಾಗೆ ಮಾಡದು. ಮಂದ ಕಿವಿ ಮಾಡುತ್ತದೆ: ಪಾದರಸ ಇಳಿಯುವಾಗ ಮೇಲಿನ ಅಂಕಿ ಕೊಡುವ ನಾಡಿಯ ಮೊದಲ ಸದ್ದನ್ನು ತಡವಾಗಿ ಹಿಡಿಯುತ್ತದೆ, ಕೆಳಗಿನದನ್ನು ಕೊಡುವ ಕೊನೆಯ ಸದ್ದನ್ನು ಬೇಗ ಕಳೆದುಕೊಳ್ಳುತ್ತದೆ.

ಹೇಳಿದರೆ ಚಿಕ್ಕಪ್ಪನ ಮಾನ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಮಾತ್ರೆ ನಿಂತ ರೋಗಿಗಳ ಗತಿಯೇನು? ನುಂಗಲಾರದ, ಉಗುಳಲಾರದ ತುತ್ತು. ಕಾರಿಡಾರಿನಲ್ಲಿ ಅವರೇ ಎದುರಾದರು.

“ಯಾಕೇ, ಮುಖ ಇಂಗು ತಿಂದ ಮಂಗನ ಹಾಗಿದೆ?”

“ಏನಿಲ್ಲ ಚಿಕ್ಕಪ್ಪ, ತಲೆನೋವು.”

“ಕೂತ್ಕೋ, ಬಿಪಿ ನೋಡ್ತೀನಿ.”

ಅವಳು ತೋಳು ಚಾಚಿದಳು. ಎದೆ ಹೊಡೆದುಕೊಳ್ಳುತ್ತಿದ್ದುದು ಅವಳಿಗೇ ಕೇಳಿಸುತ್ತಿತ್ತು. ಚಿಕ್ಕಪ್ಪ ತಲೆ ವಾಲಿಸಿ ಬಹಳ ಹೊತ್ತು ಆಲಿಸಿದರು. “ಬಂಗಾರದಂಥ ಬಿಪಿ. ಕಾಫಿ ಕುಡಿ, ಸರಿಹೋಗುತ್ತೆ,” ಎಂದರು.

ಅವಳು ನೇರವಾಗಿ ಡಾಕ್ಟರರ ಕೋಣೆಗೆ ಹೋದಳು. ಯಾರ ಹೆಸರನ್ನೂ ಎತ್ತಲಿಲ್ಲ. ಊಟಗಳು ಇದ್ದಂತೆಯೇ ಇರಲಿ, ಅಳೆಯುವವರು ಮಾತ್ರ ಸರದಿಯಲ್ಲಿ ಮೂರೂ ವಾರ್ಡುಗಳಿಗೆ ಹೋಗಲಿ ಎಂದು ಕೇಳಿಕೊಂಡಳು. ಡಾಕ್ಟರರು ಗೊಣಗುತ್ತಲೇ ಒಪ್ಪಿದರು. ತಗ್ಗಿದ ಅಂಕಿ ಮೂರನೆಯ ವಾರ್ಡಿನಲ್ಲಿ ಉಳಿಯಲಿಲ್ಲ. ಚಿಕ್ಕಪ್ಪ ಹೋದಲ್ಲೆಲ್ಲ ಅವರ ಹಿಂದೆಯೇ ಹೋಯಿತು. ಮಾತ್ರೆಗಳು ನಿಲ್ಲಲಿಲ್ಲ. ಚಿಕ್ಕಪ್ಪನನ್ನು ಔಷಧಿ ಸ್ಟೋರಿಗೆ ಹಾಕಿದರು.

ಆಮೇಲೆ ಅವರು ಅವಳ ಮನೆಗೆ ಬರುವುದನ್ನು ಬಿಟ್ಟರು. ಕರೆದರೆ “ನೋಡೋಣ, ನೋಡೋಣ” ಎನ್ನುವರು; ಬರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವಳದು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಸ್ಟೋರಿನ ಬಾಗಿಲವರೆಗೆ ಹೋಗಿ, ಅವರು ಪೆಟ್ಟಿಗೆ ಜೋಡಿಸುವುದನ್ನು ನೋಡಿ, ಹಾಗೆಯೇ ಹಿಂತಿರುಗಿದಳು. ಹೀಗೇ ವರ್ಷಗಳು ಉರುಳಿದವು. ಚಿಕ್ಕಪ್ಪ ತೀರಿಕೊಂಡರು.

ಕೆಲವು ವಾರಗಳ ಬಳಿಕ ಚಿಕ್ಕಮ್ಮನ ಮುಂದೆ ಅವಳು ಎಲ್ಲವನ್ನೂ ಬಾಯಿಬಿಟ್ಟಳು. ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಅವಳನ್ನೇ ದಿಟ್ಟಿಸಿದರು.

“ಕೋಪಾನಾ? ನಮ್ಮ ಹುಡುಗಿ ಡಾಕ್ಟರ್‌ನೇ ತಿದ್ದಿದಳು ಅಂತ ಬೀದಿಗೆಲ್ಲ ಸಾರಿಕೊಂಡು ಬಂದ್ರು ಕಣೇ. ನಿನ್ನ ದನಿ ಸಣ್ಣ. ನಿಮ್ಮನೇಲಿ ಒಂದಕ್ಷರವೂ ಕೇಳಿಸ್ತಿರಲಿಲ್ಲವಂತೆ. ಸುಮ್ಸುಮ್ನೆ ತಲೆ ಆಡಿಸೋಕೆ ನಾಚಿಕೆ ಆಗುತ್ತೆ, ನೀನೇ ಹೋಗಿ ಬಾ ಅಂತ ನನ್ನನ್ನ ಕಳಿಸ್ತಿದ್ರು.”