ಒಂದೇ ಸೀಟಿಗೆ ಇಬ್ಬರು

ಟಿಕೆಟ್ ಕಚೇರಿಯ ಸರ್ವರ್ ಕೋಣೆಯಲ್ಲಿ ಈಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಕೂರುವ ಮೇಲ್ವಿಚಾರಕಿಗೆ ಆಗಾಗ ಸೀಟಪ್ಪನವರು ನೆನಪಾಗುತ್ತಾರೆ. ಅಬ್ಬಬ್ಬಾ, ಎಂಥ ಗಲಾಟೆಯ ಕಾಲ ಅದು!

ಆಗ ಅವಳು ಅವರ ಕೈಕೆಳಗಿದ್ದಳು. ಬಸ್ ಟಿಕೆಟ್ ಮಾರುವ ನಾಲ್ಕು ಸರ್ವರ್‌ಗಳು ಅವರ ಸುಪರ್ದಿಯಲ್ಲಿದ್ದವು. ಒಂದು ಸರ್ವರ್ ಸೀಟು ಮಾರಿದ ಕೂಡಲೇ ಉಳಿದ ಮೂರಕ್ಕೂ ಸಂದೇಶ ಕಳಿಸಬೇಕು. ರಜೆ ಬಂತೆಂದರೆ ಸಂದೇಶ ತಡವಾಗಿ, ಒಂದೇ ಸೀಟು ಇಬ್ಬರಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಜುಟ್ಟು ಹಿಡಿದು ಜಗಳ, ಕಚೇರಿಯಲ್ಲಿ "ಎಲ್ರೀ ಸೀಟಪ್ಪ?" ಎಂಬ ಹುಡುಕಾಟ. ಆ ಅಡ್ಡಹೆಸರು ಬಂದದ್ದೇ ಹಾಗೆ. ಒಮ್ಮೆ ಅವರ ಸ್ವಂತ ಅತ್ತೆಯೇ ಸೀಟಿಗಾಗಿ ಕಿತ್ತಾಡಿ, ಬೈಸಿಕೊಂಡು ಬಂದು, ಅಳಿಯನೊಂದಿಗೆ ಮಾತು ಬಿಟ್ಟರು. "ಅದೊಂದು ಲಾಭ ಆಯ್ತು ಬಿಡಮ್ಮ," ಎನ್ನುತ್ತಿದ್ದರು ಸೀಟಪ್ಪನವರು.

ನಿವೃತ್ತಿ ಹತ್ತಿರವಾದಾಗ ಅವರಿಗೆ ಇದ್ದದ್ದು ಒಂದೇ ಆಸೆ. "ಹೋಗೋ ಮುಂಚೆ ಒಂದು ರಜೆಯಾದ್ರೂ ಜಗಳ ಇಲ್ದೆ ಕಳೀಲಿ ತಾಯಿ, ಸಾಕು."

ಅವಳು ಪಟ್ಟು ಹಿಡಿದು ಹುಡುಕಿದಳು. ಕಾರಣ ಸಿಕ್ಕಿತು, ಆದರೆ ಹೇಳಲು ನಾಲಿಗೆ ಏಳಲಿಲ್ಲ. ಮೇಲಿನವರ ಕೈಕಾಲು ಹಿಡಿದು ತರಿಸಿದ ಹೆಚ್ಚುವರಿ ಮೆಮೊರಿಯನ್ನೆಲ್ಲ ಸೀಟಪ್ಪನವರು ಸೀಟುಗಳ ಪಟ್ಟಿ ಇಡಲೆಂದೇ ಸುರಿದಿದ್ದರು. ಸಂದೇಶಗಳಿಗೆ ಉಳಿದದ್ದು ಮೊದಲಿದ್ದ ಮೂಲೆ ಮಾತ್ರ. ಜನ ನುಗ್ಗಿದಾಗ ಆ ಮೂಲೆ ತುಂಬಿ, ಸಂದೇಶಗಳು ಹೊರಗೇ ಕಾಯುತ್ತಿದ್ದವು.

"ಪಟ್ಟಿಯ ಪಾಲಿನಿಂದ ಸ್ವಲ್ಪ ತೆಗೆದು ಸಂದೇಶಕ್ಕೆ ಕೊಡ್ಬೇಕು ಸರ್," ಎಂದಳು ಕೊನೆಗೆ.

"ನಾನು ಕಾಡಿ ಬೇಡಿ ತಂದದ್ದನ್ನ ಕಿತ್ಕೋತೀಯಾ?" ಮುಖ ಊದಿಸಿಕೊಂಡು ಕ್ಯಾಂಟೀನಿಗೆ ಹೋದರು. ಪಾಪ, ಸಂಕಟವಾಗದೆ ಇರುತ್ತದೆಯೇ? ಚಹಾ ಕುಡಿದು ಬಂದವರು ಕುರ್ಚಿ ಎಳೆದುಕೊಂಡರು. "ಸರಿ, ಎಷ್ಟು ಅಂತ ಹೇಳು. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ಬದಲಾಯಿಸಿ ನೋಡೋಣ." ಇಬ್ಬರೂ ಪರದೆಗೆ ಕಣ್ಣು ನೆಟ್ಟು ಕೂತರು. ಕಾಯುವ ಸಂದೇಶಗಳ ಸಾಲು ಕರಗುತ್ತ ಬಂತು.

ಅವರ ಕೊನೆಯ ದಿನವೇ ರಜೆಯ ನೂಕುನುಗ್ಗಲು. ಬಸ್ಸುಗಳು ತುಂಬಿ ಹೋದವು. ಒಂದೇ ಒಂದು ದೂರೂ ಬರಲಿಲ್ಲ. ಅವಳು ಕುಣಿಯುವುದೊಂದು ಬಾಕಿ. ಸೀಟಪ್ಪನವರು ಮಾತ್ರ ಫೋನನ್ನೇ ನೋಡುತ್ತ ಕೂತಿದ್ದರು.

"ಇವತ್ತು ಯಾರೂ ನನ್ನ ಕೇಳ್ಲೇ ಇಲ್ವಲ್ಲಮ್ಮ," ಎಂದರು. ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ಮತ್ತೆ ಹೇಳಿದರು: "ನಾಳೆ ಏನಾದ್ರೂ ಆದ್ರೆ ಫೋನ್ ಮಾಡು."

ಮರುದಿನ ಏನೂ ಆಗಲಿಲ್ಲ. ಮಧ್ಯಾಹ್ನ ಅವಳು, ತನಗೆ ಚೆನ್ನಾಗಿ ಗೊತ್ತಿದ್ದನ್ನೇ ಕೇಳಲೆಂದು, ಅವರಿಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದರು.